ಐರಿಷ್, ಅಸ್ಸಾಮಿ ಮತ್ತು ಹೆಬ್ಬೂರಿನ ಕನ್ನಡ

ತುಮಕೂರು ಸೀಮೆಯ ಹೆಬ್ಬೂರಿನಲ್ಲಿ ಸಂಜೆ ಹೊತ್ತು ಮಾತುಗನ್ನಡ ಹೇಳಿಕೊಡುತ್ತೇನೆ. ಕಲಿಯಲು ಬರುವವರಲ್ಲಿ ಅಸ್ಸಾಮಿನ ಹುಡುಗರೇ ಹೆಚ್ಚು. ಅಡಿಕೆ ಸುಲಿಯುವಲ್ಲಿ, ತೋಟಗಳಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರು. ಅವರಿಗೆ ಕನ್ನಡ ಕಲಿಸುತ್ತಲೇ ನಾನು ಅಸ್ಸಾಮಿ ಕಲಿತೆ. ಐರಿಷ್ ಕಲಿತದ್ದು ವ್ಯಾಕರಣದ ಪುಸ್ತಕಗಳಿಂದ, ಮತ್ತು ಐರ್ಲೆಂಡಿನಲ್ಲಿ 1972ರಿಂದ ಪೂರ್ತಿ ಅದೇ ಭಾಷೆಯಲ್ಲಿ ನಡೆಯುತ್ತಿರುವ ರೇಡಿಯೊ ಕೇಂದ್ರದಿಂದ. ಐರಿಷ್, ಅಸ್ಸಾಮಿ ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ಕನ್ನಡ ಆ ಕುಟುಂಬಕ್ಕೆ ಸೇರಿದ್ದಲ್ಲ. ಆದರೂ ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಕನ್ನಡ ಬಲ್ಲವರಿಗೆ ಒಳ್ಳೆಯ ಅನುಕೂಲವಿದೆ ಎಂಬುದು ನನ್ನ ನಂಬಿಕೆ. ಮೂರನ್ನೂ ಹೋಲಿಸುವಾಗ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಇವತ್ತಿನ ಪದಪಟ್ಟಿ ನೋಡಿ ನೆಂಟಸ್ತಿಕೆ ತೀರ್ಮಾನಿಸಬೇಡಿ

ಕುದುರೆಗೆ ಐರಿಷ್‌ನಲ್ಲಿ ದಿನಬಳಕೆಯ ಮಾತು ‘ಕಪಲ್’, ಅಸ್ಸಾಮಿಯಲ್ಲಿ ‘ಘೋಂರಾ’. ಒಂದಕ್ಕೊಂದು ಸಂಬಂಧವೇ ಕಾಣದು. ಆದರೆ ಹಳೆಯ ಐರಿಷ್‌ನಲ್ಲಿ ಕುದುರೆಗೆ ‘ಎಖ್’ ಎನ್ನುತ್ತಿದ್ದರು. ಅದೂ ಸಂಸ್ಕೃತದ ‘ಅಶ್ವ’ವೂ ಒಂದೇ ಬೇರಿನವು. ಎರಡೂ ಭಾಷೆಗಳ ದಿನದ ಮಾತಿನಿಂದ ಆ ಹಳೆಯ ಪದ ಸರಿದುಹೋಗಿದೆ. ಇತ್ತ ಕುಣಿಗಲ್ಲಿನ ಕುದುರೆ ಫಾರಂ ಬಗ್ಗೆ ಬರೆಯುವವರು ‘ಅಶ್ವ’ ಎಂದು ಧಾರಾಳವಾಗಿ ಬರೆಯುತ್ತಾರೆ. ಪದವೊಂದನ್ನೇ ನಂಬಿದರೆ ಐರಿಷ್‌ಗೆ ಹತ್ತಿರದ ನೆಂಟ ಕನ್ನಡವೇ ಎನ್ನಬೇಕಾಗುತ್ತದೆ! ನಮ್ಮದು ಕಡ ತಂದ ಪದ, ನಮ್ಮ ಸ್ವಂತದ್ದು ‘ಕುದುರೆ’. ಎಣಿಕೆಯ ಪದಗಳು ಇಷ್ಟು ಸುಲಭವಾಗಿ ಬದಲಾಗುವುದಿಲ್ಲ. ಐರಿಷ್‌ನ ದೋ, ತ್ರೀ, ಓಖ್ತ್. ಅಸ್ಸಾಮಿಯ ದುಇ, ತಿನಿ, ಆಠ್. ಪಕ್ಕದಲ್ಲಿ ನಮ್ಮ ಎರಡು, ಮೂರು, ಎಂಟು ಬರೆದುಕೊಳ್ಳಿ. ಯಾರು ಯಾರ ಕಡೆಯವರು ಎಂಬುದು ಅಲ್ಲಿ ತಿಳಿಯುತ್ತದೆ.

2. ‘ಅಲ್ಲ’, ‘ಇಲ್ಲ’ ಎರಡನ್ನೂ ಮೊದಲ ವಾರವೇ ಕೇಳಿ

ಹಿಂದಿಯ ಮೂಲಕ ಕನ್ನಡ ಕಲಿಯುವವರು ‘ಅವರು ಮೇಷ್ಟ್ರು ಇಲ್ಲ’ ಎನ್ನುತ್ತಾರೆ. ಅವರ ‘ನಹೀಂ’ ಎರಡು ಕೆಲಸವನ್ನೂ ಮಾಡುತ್ತದೆ. ಅಸ್ಸಾಮಿನ ಹುಡುಗರು ಇಲ್ಲಿ ಎಡವುವುದು ಕಡಿಮೆ. “ಸಾರ್, ಅವನು ಮೇಸ್ತ್ರಿ ಅಲ್ಲ, ಮೇಸ್ತ್ರಿ ಇಲ್ಲಿ ಇಲ್ಲ” ಎಂದು ಒಬ್ಬ ಸಲೀಸಾಗಿ ಹೇಳಿದ. ಅವರ ಭಾಷೆಯಲ್ಲಿ ‘ನೊಹೊಯ್’ ನಮ್ಮ ‘ಅಲ್ಲ’ದ ಜಾಗದಲ್ಲಿ, ‘ನಾಇ’ ನಮ್ಮ ‘ಇಲ್ಲ’ದ ಜಾಗದಲ್ಲಿ ನಿಲ್ಲುತ್ತದೆ. ಐರಿಷ್‌ನಲ್ಲೂ ಹೀಗೆಯೇ ಎರಡಿವೆ: ‘ಮೇಷ್ಟ್ರಲ್ಲ’ ಎನ್ನಲು ‘ನೀ’, ‘ಮನೆಯಲ್ಲಿಲ್ಲ’ ಎನ್ನಲು ‘ನೀಲ್’. ಒಬ್ಬ ಏನು ಎಂಬುದು ಬೇರೆ, ಎಲ್ಲಿದ್ದಾನೆ ಎಂಬುದು ಬೇರೆ ಎಂದು ಮೂರೂ ಭಾಷೆಗಳು ಕಟ್ಟುನಿಟ್ಟಾಗಿ ಬೇರ್ಪಡಿಸುತ್ತವೆ.

‘ನನಗೆ ಹಸಿವಾಗಿದೆ’ ಎಂಬಲ್ಲಿಯೂ ಮೂರೂ ಹತ್ತಿರ ಬರುತ್ತವೆ. ಕನ್ನಡದಲ್ಲಿ ಹಸಿವು ನನಗೆ ಆಗುತ್ತದೆ, ಅಸ್ಸಾಮಿಯಲ್ಲಿ ನನ್ನ ಹಸಿವು ತಾಗುತ್ತದೆ, ಐರಿಷ್‌ನಲ್ಲಿ ಹಸಿವು ನನ್ನ ಮೇಲೆ ಇರುತ್ತದೆ. ಹಸಿದವನನ್ನು ಕರ್ತೃ ಮಾಡದ ಭಾಷೆಗಳು ಇವು.

3. ಆದೇಶ ಸಂಧಿ ಕಲಿತವರಿಗೆ ಐರಿಷ್ ಅರ್ಧ ಬಂದಂತೆ

ಐರಿಷ್ ಕಲಿಯುವವರನ್ನು ಹೆಚ್ಚು ಹೆದರಿಸುವುದು ಪದದ ಮೊದಲ ಅಕ್ಷರ ಬದಲಾಗುವ ಪರಿ. ಕಾಲೇಜು ಓದಿದ ಇಂಗ್ಲಿಷರೂ ಇದನ್ನು ಕಂಡು ಕಂಗೆಡುತ್ತಾರಂತೆ. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಕ, ತ, ಪ ಹೋಗಿ ಗ, ದ, ಬ ಬರುತ್ತದೆ ಎಂದು ಬಾಯಿಪಾಠ ಮಾಡಿದವರಿಗೆ ಹೆದರಿಕೆಗೆ ಕಾರಣವಿಲ್ಲ. ಹಳೆ+ಕನ್ನಡ=ಹಳೆಗನ್ನಡ, ಬೆಟ್ಟ+ತಾವರೆ=ಬೆಟ್ಟದಾವರೆ, ಕಣ್+ಪನಿ=ಕಂಬನಿ. ಐರಿಷ್‌ನಲ್ಲೂ ಕ್ ಹೋಗಿ ಗ್, ತ್ ಹೋಗಿ ದ್, ಪ್ ಹೋಗಿ ಬ್. ಮೆಲ್+ಮಾತು ಸೇರಿ ಮೆಲ್ವಾತು ಆದಾಗ ಮಕಾರ ವಕಾರವಾಯಿತಲ್ಲ, ಅದೂ ಅಲ್ಲಿದೆ: ತಾಯಿ ‘ಮಾಹಿರ್’, ನನ್ನ ತಾಯಿ ‘ಮೊ ವಾಹಿರ್’.

ಇಷ್ಟಕ್ಕೇ ನಿಂತರೆ ಹೋಲಿಕೆ ಅರ್ಧವಾಗುತ್ತದೆ. ನಮ್ಮಲ್ಲಿ ಈ ಬದಲಾವಣೆ ಸಮಾಸದಲ್ಲಿ ಉಚ್ಚಾರಣೆಯನ್ನು ಸಲೀಸು ಮಾಡುತ್ತದೆ, ಅರ್ಥವನ್ನು ಮುಟ್ಟುವುದಿಲ್ಲ. ಐರಿಷ್‌ನಲ್ಲಿ ಅರ್ಥವೇ ಅದರ ಮೇಲೆ ನಿಂತಿದೆ. ಬೆಕ್ಕಿಗೆ ‘ಕತ್’. ಅವನ, ಅವಳ, ಅವರ ಎಂಬ ಮೂರಕ್ಕೂ ಮುಂದೆ ಬರುವುದು ಒಂದೇ ‘ಅ’. ‘ಅ ಖತ್’ ಎಂದರೆ ಅವನ ಬೆಕ್ಕು, ‘ಅ ಕತ್’ ಎಂದರೆ ಅವಳದು, ‘ಅ ಗತ್’ ಎಂದರೆ ಅವರದು. ಬೆಕ್ಕು ಯಾರದೆಂದು ಬೆಕ್ಕಿನ ಮೊದಲ ಅಕ್ಷರವೇ ಹೇಳಬೇಕು. ಎರಡು ಭಾಷೆಗಳಲ್ಲಿ ಒಂದೇ ಬದಲಾವಣೆ ಕಂಡಾಗ, ಅದು ಎಲ್ಲಿ ಯಾವ ಕೆಲಸಕ್ಕೆ ನಿಂತಿದೆ ಎಂದು ಕೇಳಿಕೊಳ್ಳದೆ ನಾನು ಈಗ ಮುಂದೆ ಹೋಗುವುದಿಲ್ಲ.

ಅಸ್ಸಾಮಿ ಇಂಥ ಕೆಲಸವನ್ನು ಪದದ ಕೊನೆಯಲ್ಲಿ ಮಾಡುತ್ತದೆ, ಅದೂ ಬಂಧುವಾಚಕಗಳಲ್ಲಿ. ‘ಮಾ’ ಎಂದರೆ ತಾಯಿ, ‘ಮಾರ್’ ಎಂದರೆ ನಿನ್ನ ತಾಯಿ, ‘ಮಾಕ್’ ಎಂದರೆ ಅವನ ತಾಯಿ.

4. ‘ಪ’ಕಾರದ ದಾರಿ

ಪಾಲು ಹಾಲಾಯಿತು, ನಮ್ಮ ಕಡೆಯ ಹಳ್ಳಿಗಳಲ್ಲಿ ಹಾಲು ‘ಆಲು’ ಆಗಿದೆ. ಸಂಸ್ಕೃತದ ‘ಪಿತೃ’ವಿಗೆ ಸಮನಾದ ಐರಿಷ್ ಪದ ‘ಅಹಿರ್’. ಆ ಭಾಷೆಯ ಪೂರ್ವರೂಪದಲ್ಲಿ ಪಕಾರ ಮೊದಲು ಹಕಾರದಂಥ ಧ್ವನಿಯಾಗಿ, ಆಮೇಲೆ ಇಲ್ಲವಾಯಿತು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಒಂದರ ಸಂಗತಿ ಒಂದಕ್ಕೆ ತಿಳಿಯದ ಎರಡು ಭಾಷೆಗಳು ಒಂದೇ ಹಾದಿ ಹಿಡಿದಿವೆ. ‘ಆಲು’ ಎನ್ನುವ ಮಗುವಿನ ಉಚ್ಚಾರಣೆಯನ್ನು ಅಶುದ್ಧ ಎಂದು ಗದರುವ ಮೇಷ್ಟ್ರುಗಳಿಗೆ ಇದನ್ನು ಹೇಳಬೇಕೆನಿಸುತ್ತದೆ.

5. ಬರವಣಿಗೆ ಒಂದು, ಬಾಯಿ ಇನ್ನೊಂದು

ಅಸ್ಸಾಮಿ ಲಿಪಿಯಲ್ಲಿ ತ, ಟ ಎರಡೂ ಇವೆ, ಮಾತಿನಲ್ಲಿ ಎರಡೂ ಒಂದೇ. ಹಾಗಾಗಿ ‘ಮೂಟೆ ಬಿತ್ತು’, ‘ಮೂಟೆ ಬಿಟ್ಟು’ ಅವರ ಕಿವಿಗೆ ಬೇರೆಯಾಗಿ ಕೇಳಿಸುವುದಿಲ್ಲ. ಬರೆಸಿ ಫಲವಿಲ್ಲ, ಮೂಟೆ ಬೀಳಿಸಿ ತೋರಿಸಬೇಕು, ಬಿಟ್ಟು ಹೋಗಿ ತೋರಿಸಬೇಕು.

6. ಜನರನ್ನು ಎಣಿಸುವಾಗ ಕಿವಿ ತೆರೆದಿರಲಿ

‘ಮೂವರು ಬಂದರು, ಮೂರು ಚೀಲ ತಂದರು.’ ಆಳಿಗೆ ಒಂದು ಎಣಿಕೆ, ಚೀಲಕ್ಕೆ ಇನ್ನೊಂದು. ಐರಿಷ್‌ನಲ್ಲಿ ಇಬ್ಬರಿಗೆ ‘ಬೆರ್ತ್’, ಮೂವರಿಗೆ ‘ತ್ರೂರ್’. ಚೀಲವಾದರೆ ಬರೀ ‘ತ್ರೀ’. ಹತ್ತು ಜನರವರೆಗೂ ಇಂಥ ಪದಗಳಿವೆ. ಅಸ್ಸಾಮಿ ಇದನ್ನು ಬಹಳ ಮುಂದಕ್ಕೆ ಒಯ್ದಿದೆ. ಮನುಷ್ಯರಿಗೆ ‘ಜನ್’, ಪುಸ್ತಕದಂಥ ಚಪ್ಪಟೆ ವಸ್ತುವಿಗೆ ‘ಖನ್’, ಹಗ್ಗದಂಥ ಉದ್ದನೆಯದಕ್ಕೆ ‘ಡಾಲ್’, ಗಿಡಮರಕ್ಕೆ ‘ಜೋಪಾ’, ಉಳಿದ ಬಹುಪಾಲಿಗೆ ‘ಟೊ’. ಅಡಿಕೆ ಮರ ಎಣಿಸುವಾಗ ಒಂದು, ಉದುರಿದ ಅಡಿಕೆ ಎಣಿಸುವಾಗ ಇನ್ನೊಂದು. ಅಸ್ಸಾಮಿನವರಿಗೆ ಅಡಿಕೆ ಎಂದರೆ ‘ತಾಮೋಲ್’, ನಮ್ಮ ತಾಂಬೂಲದ ಬಳಗದ ಪದ. ಅತಿಥಿಗೆ ಅಡಿಕೆ, ವೀಳ್ಯದೆಲೆ ಕೊಡುವ ಮರ್ಯಾದೆ ಅಲ್ಲೂ ಇದೆ. ಗುಬ್ಬಿಯ ತೋಟದ ಯಜಮಾನರೊಬ್ಬರಿಗೆ ಇದನ್ನು ಹೇಳಿದ ಮೇಲೆ ಅವರು ಕೆಲಸದ ಹುಡುಗರನ್ನು ಮಾತಾಡಿಸುವ ರೀತಿಯೇ ಬದಲಾಯಿತು.

7. ನೆರೆಹೊರೆಯನ್ನು ಮರೆಯಬೇಡಿ

ಅಸ್ಸಾಮಿ, ಐರಿಷ್ ಕುಟುಂಬದಿಂದ ನೆಂಟರಾದರೂ ವಾಕ್ಯ ಕಟ್ಟುವುದರಲ್ಲಿ ದೂರ ದೂರ. ಐರಿಷ್‌ನಲ್ಲಿ ಕ್ರಿಯಾಪದ ಮೊದಲು, ಅಸ್ಸಾಮಿಯಲ್ಲೂ ಕನ್ನಡದಲ್ಲೂ ಕೊನೆಗೆ. ಭಾರತದ ಭಾಷೆಗಳು ಕುಲ ಬೇರೆಯಾದರೂ ಒಟ್ಟಿಗೆ ಬಾಳಿ ಒಂದೇ ಚಹರೆ ಪಡೆದಿವೆ ಎಂದು ಭಾಷಾಶಾಸ್ತ್ರಜ್ಞ ಎಮೆನೊ 1956ರಲ್ಲಿ ಬರೆದರು. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಕನ್ನಡ, ಮರಾಠಿ, ಉರ್ದುಗಳನ್ನು ಹೋಲಿಸಿ, ಪದಗಳು ಬೇರೆ ಉಳಿದು ವಾಕ್ಯದ ಅಚ್ಚು ಒಂದೇ ಆಗಿರುವುದನ್ನು ತೋರಿಸಿದರು. ಅಷ್ಟು ದೂರ ಯಾಕೆ, ನಮ್ಮ ಕಡೆಯ ದಖನಿ ಉರ್ದು ಕೇಳಿ. ‘ಬರ್ತೀನಿ ಅಂತ ಹೇಳ್ದ’ ಎಂಬಲ್ಲಿನ ‘ಅಂತ’ದ ಜಾಗದಲ್ಲಿ, ಅದೇ ಸ್ಥಾನದಲ್ಲಿ, ‘ಬೋಲ್ಕೆ’ ಇರುತ್ತದೆ. ಉತ್ತರದ ಉರ್ದುವಿಗೆ ಇಲ್ಲದ ಈ ರೂಢಿ ದಕ್ಷಿಣದ ನೆರೆಯಲ್ಲಿ ಬಂದದ್ದು.

8. ಕಾನೂನನ್ನೂ ಮನೆಯನ್ನೂ ಬೇರೆ ಬೇರೆ ನೋಡಿ

ಅಸ್ಸಾಮಿನ ಕೋರ್ಟು, ಶಾಲೆಗಳಿಗೆ 1836ರಲ್ಲಿ ಬ್ರಿಟಿಷರು ಬಂಗಾಳಿಯನ್ನು ತಂದರು. 1873ರಲ್ಲಿ ಅಸ್ಸಾಮಿ ಮರಳಿ ಬರುವವರೆಗೂ ಜನ ಮನೆಯಲ್ಲಿ ಅದನ್ನು ಬಿಟ್ಟಿರಲಿಲ್ಲ. 2011ರ ಜನಗಣತಿಯಲ್ಲಿ ಅದು ಸುಮಾರು 1.53 ಕೋಟಿ ಜನರ ತಾಯಿನುಡಿ. ಐರಿಷ್‌ಗೆ 1937ರ ಸಂವಿಧಾನ ಮೊದಲ ಅಧಿಕೃತ ಭಾಷೆಯ ಪಟ್ಟ ಕೊಟ್ಟಿದೆ. 2022ರ ಗಣತಿಯಲ್ಲಿ ಸುಮಾರು 18.7 ಲಕ್ಷ ಜನ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ. ಈ ಎರಡು ಅಂಕಿಗಳ ನಡುವಿನ ಅಂತರ ಕನ್ನಡಿಗನಾದ ನನ್ನನ್ನು ಕಾಡುತ್ತದೆ.

9. ಒಂದೇ ಕಥೆಯನ್ನು ಎಲ್ಲರ ಬಾಯಲ್ಲೂ ಹೇಳಿಸಿ

ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಕಾಲ್ಡ್‌ವೆಲ್ ಹುಟ್ಟಿದ್ದು ಐರ್ಲೆಂಡಿನ ಆಂಟ್ರಿಮ್‌ನಲ್ಲಿ. ಭಾರತದ ಭಾಷಾ ಸರ್ವೇಕ್ಷಣೆ ನಡೆಸಿದ ಗ್ರಿಯರ್ಸನ್ ಡಬ್ಲಿನ್ ಬಳಿಯವರು. ಬೈಬಲ್ಲಿನ ದುಂದುಗಾರ ಮಗನ ಕಥೆಯನ್ನು ಊರೂರಿನ ನುಡಿಗಳಲ್ಲಿ ಹೇಳಿಸಿ ಬರೆಸಿಕೊಂಡದ್ದು ಗ್ರಿಯರ್ಸನ್ ಕ್ರಮ. ಕಥೆ ಒಂದೇ ಆದ್ದರಿಂದ ವಾಕ್ಯಕ್ಕೆ ವಾಕ್ಯ ಇಟ್ಟು ನೋಡಬಹುದು. ಅಸ್ಸಾಮಿ ಆ ಸರ್ವೇಕ್ಷಣೆಯಲ್ಲಿ ಬಂತು. ಮೈಸೂರು ಸಂಸ್ಥಾನ ಅದರ ವ್ಯಾಪ್ತಿಗೆ ಸೇರಲಿಲ್ಲ. ಆದ್ದರಿಂದ ನಮ್ಮ ತುಮಕೂರು ಸೀಮೆಯ ಮಾತಿನ ಮಾದರಿ ಆ ಸಂಪುಟಗಳಲ್ಲಿ ಸಿಗುವುದಿಲ್ಲ. ತೀ.ನಂ.ಶ್ರೀ., ಬಿ.ಎಂ.ಶ್ರೀ. ಇಬ್ಬರೂ ಹುಟ್ಟಿದ ಜಿಲ್ಲೆಯಲ್ಲಿ ಈ ಕೊರತೆ ತುಂಬುವ ಕೆಲಸ ನಮ್ಮದೇ.

ಬೈಬಲ್ ಕಥೆಯ ಬದಲು ನಾನು ಒಂದು ಸಂತೆಯ ಕಥೆ ಇಟ್ಟುಕೊಂಡಿದ್ದೇನೆ: ಮೂವರು ಸಂತೆಗೆ ಹೋಗುತ್ತಾರೆ, ಒಬ್ಬನಿಗೆ ಹಸಿವಾಗುತ್ತದೆ, ಇನ್ನೊಬ್ಬನ ಚೀಲ ಬೀಳುತ್ತದೆ, ಸಿಕ್ಕ ಚೀಲ ತನ್ನದಲ್ಲ ಎಂದು ಮೂರನೆಯವನು ಹೇಳುತ್ತಾನೆ. ಎಣಿಕೆ, ಹಸಿವು, ಅಲ್ಲ, ಇಲ್ಲ, ಯಾರದು ಎಂಬ ಎಲ್ಲವೂ ಅದರಲ್ಲಿವೆ. ಹೆಬ್ಬೂರು, ಗುಬ್ಬಿ ಕಡೆಯ ಕನ್ನಡದಲ್ಲಿ, ಅಸ್ಸಾಮಿಯಲ್ಲಿ ಮೊಬೈಲಿನಲ್ಲೇ ಧ್ವನಿಮುದ್ರಿಸಿಕೊಂಡಿದ್ದೇನೆ. ಕುಣಿಗಲ್ಲಿನ ದಖನಿಯದ್ದು ಇನ್ನೂ ಆಗಬೇಕು. ಹೇಳುವವರು ಎಪ್ಪತ್ತು ದಾಟಿದ ಹೆಂಗಸರಾದರೆ ಒಳ್ಳೆಯದು, ಮನೆಯಲ್ಲೇ ಕೂತು ಹೇಳಿದರೆ ಇನ್ನೂ ಒಳ್ಳೆಯದು.