ಕಂದು ಟ್ರೌಟ್ ಮತ್ತು ಕುಲ್ಲು ಕಣಿವೆಯ ತೊರೆಗಳು

ಕುಲ್ಲು-ಮನಾಲಿಗೆ ಪ್ರವಾಸ ಹೋಗುವ ನಮ್ಮವರಲ್ಲಿ ಅನೇಕರು ಅಲ್ಲಿನ ಹೋಟೆಲುಗಳಲ್ಲಿ ಟ್ರೌಟ್ ಎಂಬ ಮೀನಿನ ಹೆಸರನ್ನು ಕೇಳಿರುತ್ತಾರೆ. ತಟ್ಟೆಗೆ ಬರುವ ಆ ಮೀನು ಸಾಮಾನ್ಯವಾಗಿ ಸಿಮೆಂಟಿನ ತೊಟ್ಟಿಗಳಲ್ಲಿ ಸಾಕಿದ ರೇನ್‌ಬೋ ಟ್ರೌಟ್. ಪಕ್ಕದಲ್ಲೇ ಹರಿಯುವ ತೊರೆಯಲ್ಲಿ ವಾಸಿಸುವುದು ಬೇರೊಂದು ಜಾತಿ, ಕಂದು ಟ್ರೌಟ್. ಮೈಮೇಲೆ ಕಪ್ಪು ಮತ್ತು ಕೆಂಪು ಚುಕ್ಕೆಗಳುಳ್ಳ ಈ ಮೀನು ಅಲ್ಲಿ ತಾನಾಗಿಯೇ ಮೊಟ್ಟೆಯಿಟ್ಟು ವಂಶವನ್ನು ಮುಂದುವರಿಸಿಕೊಂಡು ಬಂದಿದೆ. ಮರಿಗಳನ್ನು ತಂದು ಬಿಟ್ಟರೆ ತಣ್ಣೀರಿನ ಯಾವ ನದಿಯಲ್ಲಾದರೂ ಟ್ರೌಟ್ ಕೆಲಕಾಲ ಬದುಕಬಲ್ಲದು. ಆದರೆ ಅದು ಅಲ್ಲಿ ಸಂತಾನ ಬೆಳೆಸಬೇಕಾದರೆ ನದಿಯ ತಳವೂ ಚಳಿಗಾಲದ ಹರಿವೂ ಅದಕ್ಕೆ ಒಗ್ಗಬೇಕು.

ಈ ಮೀನು ಭಾರತದ್ದಲ್ಲ. ಅದರ ತವರು ಯುರೋಪು ಮತ್ತು ಅದರ ನೆರೆಯ ಪ್ರದೇಶಗಳು. 1899ರಲ್ಲಿ ಕಾಶ್ಮೀರಕ್ಕೆ ಕಳುಹಿಸಿದ ಮೊಟ್ಟೆಗಳು ಹಾದಿಯಲ್ಲೇ ಕೆಟ್ಟುಹೋದವು. ಮರುವರ್ಷ, ಅಂದರೆ 1900ರಲ್ಲಿ, ತರಿಸಿದವು ಮಾತ್ರ ಉಳಿದುಕೊಂಡವು. ಅಲ್ಲಿಂದ 1909ರ ಸುಮಾರಿಗೆ ಕುಲ್ಲುವಿಗೆ ತಂದು, ಕಟ್ರಾಯಿನ್ ಬಳಿಯ ಮಹಿಲಿಯಲ್ಲಿ ಮೊಟ್ಟೆಗಳನ್ನು ಮರಿ ಮಾಡಿಸಿ ಬಿಯಾಸ್ ಮತ್ತು ಅದರ ಉಪನದಿಗಳಿಗೆ ಬಿಡಲಾಯಿತು. ಗಾಳ ಹಾಕುವ ಬ್ರಿಟಿಷ್ ಅಧಿಕಾರಿಗಳ ಹವ್ಯಾಸವೇ ಇದಕ್ಕೆಲ್ಲ ಮೂಲ.

ಕಂದು ಟ್ರೌಟ್ ಮೊಟ್ಟೆಯಿಡುವುದು ಚಳಿಗಾಲದ ಆರಂಭದಲ್ಲಿ. ಹಿಮ ಕರಗಿದ ನೀರಿನ ಸೆಳೆತವೂ ಮಳೆಗಾಲದ ಕೆಂಪು ಪ್ರವಾಹವೂ ಇಳಿದು, ತೊರೆ ತಿಳಿಯಾಗಿ ಹರಿಯುವ ಕಾಲವದು. ಹೆಣ್ಣು ಮೀನು ಆಳವಲ್ಲದ, ನೀರು ಚುರುಕಾಗಿ ಹರಿಯುವ ಜಾಗವನ್ನು ಆರಿಸಿಕೊಂಡು, ಮಗ್ಗುಲಾಗಿ ಬಾಲ ಬಡಿದು ಜಲ್ಲಿಕಲ್ಲುಗಳ ನಡುವೆ ಗುಂಡಿ ತೋಡುತ್ತದೆ. ಅದರಲ್ಲಿ ಮೊಟ್ಟೆಗಳನ್ನಿಟ್ಟು, ಗಂಡು ಮೀನು ಫಲಗೊಳಿಸಿದ ಮೇಲೆ, ಮೇಲ್ಗಡೆಯ ಜಲ್ಲಿಯನ್ನು ಕೆದರಿ ಅದರಿಂದಲೇ ಮುಚ್ಚಿಬಿಡುತ್ತದೆ. ಅಲ್ಲಿಗೆ ತಾಯಿಯ ಕೆಲಸ ಮುಗಿಯಿತು. ಕಾವು ಕೊಡುವುದಾಗಲಿ ಕಾಯುವುದಾಗಲಿ ಇಲ್ಲ.

ಮುಂದಿನ ಭಾರವೆಲ್ಲ ತೊರೆಯದು. ಕಲ್ಲುಗಳ ಸಂದುಗಳಲ್ಲಿ ನುಸುಳುವ ತಣ್ಣೀರು ಮೊಟ್ಟೆಗಳಿಗೆ ಆಮ್ಲಜನಕವನ್ನು ಒದಗಿಸುತ್ತದೆ, ಅವುಗಳ ಕಲ್ಮಷವನ್ನು ಒಯ್ಯುತ್ತದೆ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆಯೊಡೆಯಲು ಸುಮಾರು 40 ದಿನ ಸಾಕು. 5 ಡಿಗ್ರಿ ಇದ್ದರೆ 80 ದಿನಗಳಷ್ಟು ಬೇಕು. ಒಡೆದ ಮೇಲೂ ಮರಿಗಳು ಹೊಟ್ಟೆಗಂಟಿದ ಹಳದಿಯ ಚೀಲವನ್ನೇ ಆಹಾರವಾಗಿಸಿಕೊಂಡು ಕೆಲವು ವಾರ ಕಲ್ಲುಗಳಡಿಯಲ್ಲೇ ಇರುತ್ತವೆ. ಹೀಗೆ ಮೂರು ನಾಲ್ಕು ತಿಂಗಳು ಒಂದಿಡೀ ಪೀಳಿಗೆ ಅಂಗೈ ಅಗಲದ ಜಲ್ಲಿಯೊಳಗೆ ಅಡಗಿರುತ್ತದೆ. ದಡದಲ್ಲಿ ನಿಂತವರಿಗೆ ಅಲ್ಲಿ ಕಲ್ಲಲ್ಲದೆ ಬೇರೇನೂ ಕಾಣದು.

ಅಪಾಯವಿರುವುದೂ ಇಲ್ಲಿಯೇ. ರಸ್ತೆ ಅಗಲಿಸುವಾಗ ಇಳಿಜಾರಿಗೆ ತಳ್ಳಿದ ಮಣ್ಣು ತೊರೆಗೆ ಸೇರಿದರೆ ನಯವಾದ ಹೂಳು ಸಂದುಗಳನ್ನು ತುಂಬುತ್ತದೆ. ಮೊಟ್ಟೆಗಳು ಉಸಿರುಗಟ್ಟಿ ಸಾಯುತ್ತವೆ. ಮರಳಿಗೂ ಜಲ್ಲಿಗೂ ನದಿಪಾತ್ರವನ್ನು ಅಗೆದರೆ ಗೂಡು ಕಟ್ಟುವ ತಳವೇ ಇಲ್ಲವಾಗುತ್ತದೆ. ಇನ್ನು ವಿದ್ಯುತ್ತಿಗಾಗಿ ನೀರನ್ನು ಸುರಂಗಕ್ಕೆ ತಿರುಗಿಸುವ ಮಾತು. ಹಿಮಾಲಯದ ನದಿಗಳಲ್ಲಿ ನೀರು ಅತಿ ಕಡಿಮೆ ಇರುವುದು ಚಳಿಗಾಲದಲ್ಲಿ, ಅಂದರೆ ಜಲ್ಲಿಯಡಿಯಲ್ಲಿ ಮೊಟ್ಟೆಗಳಿರುವ ತಿಂಗಳುಗಳಲ್ಲಿ. ಅಂಥ ಕಾಲದಲ್ಲಿ ಕನಿಷ್ಠ ಶೇಕಡಾ 15ರಷ್ಟು ಹರಿವನ್ನಾದರೂ ನದಿಗೆ ಬಿಡಬೇಕೆಂಬುದು ಹಿಮಾಚಲ ಪ್ರದೇಶದ ನಿಯಮ. ಮೀನಿನ ದೃಷ್ಟಿಯಿಂದ ಇದು ಉದಾರವಾದ ಪಾಲೇನಲ್ಲ.

ನೆರೆಹೊರೆಯ ಎರಡು ನದಿಗಳನ್ನು ಹೋಲಿಸಿ ನೋಡಬಹುದು. ಸೈಂಜ್ ಮತ್ತು ತೀರ್ಥನ್ ಎರಡೂ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದಲ್ಲಿ ಹುಟ್ಟಿ ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುತ್ತವೆ. ಈ ಉದ್ಯಾನ 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೈಂಜ್ ನದಿಯ ಮೇಲೆ ಪಾರ್ವತಿ ಮೂರನೆಯ ಹಂತದ 520 ಮೆಗಾವಾಟ್ ಮತ್ತು ಸೈಂಜ್‌ನ 100 ಮೆಗಾವಾಟ್ ಯೋಜನೆಗಳು ಬಂದಿವೆ. ತೀರ್ಥನ್ ಕಣಿವೆಯಲ್ಲಿ ಯೋಜಿಸಿದ್ದ ಕಿರು ಜಲವಿದ್ಯುತ್ ಘಟಕಗಳನ್ನು ಸ್ಥಳೀಯರು ವಿರೋಧಿಸಿದರು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಆ ಘಟಕಗಳು ಬರಲಿಲ್ಲ. ಇಂದಿಗೂ ಗಾಳ ಹಾಕುವವರು ಮೊದಲು ಹೇಳುವ ಹೆಸರು ತೀರ್ಥನ್. ಅಲ್ಲಿನ ಹಳ್ಳಿಗಳ ಅತಿಥಿಗೃಹಗಳಿಗೆ ಅವರಿಂದ ವರಮಾನವೂ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಮತ್ತೊಂದು ಮಾತನ್ನು ಮರೆಮಾಚುವುದು ಸರಿಯಲ್ಲ. ಈ ನದಿಗಳ ಮೂಲನಿವಾಸಿ ಹಿಮ ಟ್ರೌಟ್, ಉತ್ತರಾಖಂಡದವರು ಅಸೇಲ ಎನ್ನುವ ಮೀನು. ಹೆಸರು ಹಾಗಿದ್ದರೂ ಅದು ಟ್ರೌಟ್ ಕುಲದ್ದಲ್ಲ, ನಮ್ಮ ಕಾಟ್ಲಾ ರೋಹುಗಳ ಕುಟುಂಬಕ್ಕೆ ಸೇರಿದ್ದು. ಬೇಟೆಗಾರ ಸ್ವಭಾವದ ಕಂದು ಟ್ರೌಟ್ ಅದರ ಮರಿಗಳನ್ನು ತಿನ್ನುತ್ತದೆ, ತಾಣವನ್ನೂ ಆಕ್ರಮಿಸುತ್ತದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಸೇಲವನ್ನು ಅಪಾಯಕ್ಕೊಳಗಾದ ಜಾತಿಯೆಂದು ಗುರುತಿಸಲಾಗಿದೆ. ಆದ್ದರಿಂದ ಟ್ರೌಟ್ ಇನ್ನೂ ತಲುಪದ ತೊರೆಗಳಿಗೆ ಹೊಸದಾಗಿ ಅದನ್ನು ಬಿಡುವುದು ಯೋಗ್ಯವಲ್ಲ. ತಿಳಿನೀರು, ಹೂಳಿಲ್ಲದ ತಳ, ಚಳಿಗಾಲದಲ್ಲೂ ಬತ್ತದ ಹರಿವು ಅತಿಥಿಗೆಷ್ಟೋ ಮನೆಯವನಿಗೂ ಅಷ್ಟೇ ಅಗತ್ಯ.

ಹಿಮಾಚಲದ ಟ್ರೌಟ್ ನದಿಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಮೀನು ಹಿಡಿಯುವುದು ನಿಷಿದ್ಧ. ಉಳಿದ ತಿಂಗಳುಗಳಲ್ಲಿ ಗಾಳ ಹಾಕಲು ರಾಜ್ಯದ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆಯತಕ್ಕದ್ದು. ಡಿಸೆಂಬರಿನಲ್ಲಿ ಹೋದವರು ತೊರೆಯ ತಳದಲ್ಲಿ, ಸುತ್ತಲಿನ ಪಾಚಿಗಟ್ಟಿದ ಕಲ್ಲುಗಳ ನಡುವೆ, ಈಗಷ್ಟೇ ತೊಳೆದಂತೆ ಬೆಳ್ಳಗಿರುವ ಜಲ್ಲಿಯ ಸಣ್ಣ ತಿಟ್ಟನ್ನು ಕಂಡರೆ ಅದರ ಮೇಲೆ ಕಾಲಿಡದೆ ದಡದಿಂದಲೇ ನೋಡಬೇಕು. ಮೊಟ್ಟೆಗಳಿರುವುದು ಅದರಡಿಯಲ್ಲಿ.