ದಮ್ಮು ವಯಸ್ಸಿನ ಗುಣವಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿದವರಿಗೂ, ಹರಿಹರದ ಸುತ್ತಲ ಹಳ್ಳಿಗಳಲ್ಲಿ ಸೌದೆ ಒಲೆಯ ಮುಂದೆ ಆಯುಷ್ಯ ಸವೆಸಿದ ತಾಯಂದಿರಿಗೂ, ಬೀಡಿ ಮುಟ್ಟದಿದ್ದರೂ ಸಿಒಪಿಡಿ ಎಂಬ ದೀರ್ಘಕಾಲೀನ ಶ್ವಾಸಕೋಶದ ಕಾಯಿಲೆ ಬರಬಲ್ಲದು. ವಯಸ್ಸಿನ ದಮ್ಮೆಂದು ಸುಮ್ಮನಿರುವುದೇ ದೊಡ್ಡ ಹಾನಿ. ಹಾಳಾದ ಶ್ವಾಸಕೋಶ ಮೊದಲಿನಂತಾಗದು. ಆದರೆ ಉಸಿರಿನ ಕಷ್ಟವನ್ನು ಮನೆಯಲ್ಲಿಯೇ ಬಹಳಷ್ಟು ತಗ್ಗಿಸಬಹುದು. ಬೀಡಿ ಬಿಡುವುದೇ ಮೊದಲ ಔಷಧವೆಂಬುದು ಎಲ್ಲರಿಗೂ ಗೊತ್ತು.

ಇನ್ಹೇಲರ್ ಚಟವಾಗುತ್ತದೆಂಬ ಭಯ ನಿರಾಧಾರವಾದುದು. ವೈದ್ಯರು ನಿತ್ಯಕ್ಕೆಂದು ಕೊಟ್ಟದ್ದನ್ನು ಉಸಿರು ಹಗುರವಾಗಿರುವ ದಿನವೂ ತಪ್ಪಿಸಬಾರದು. ಒತ್ತುವ ಇನ್ಹೇಲರಾದರೆ ಸ್ಪೇಸರ್ ಜೋಡಿಸಿ, ನಿಧಾನವಾಗಿ ಒಳಗೆಳೆದು, ಸಾಧ್ಯವಾದರೆ 10 ಸೆಕೆಂಡು ಉಸಿರು ಹಿಡಿಯಬೇಕು. ಸ್ಟಿರಾಯ್ಡ್ ಇದ್ದರೆ ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು.

ಮೆಟ್ಟಿಲೇರುವಾಗ ದಮ್ಮು ಹತ್ತಿದರೆ ನಿಂತು, ಮೂಗಿನಿಂದ ಉಸಿರೆಳೆದು, ತುಟಿ ಕಿರಿದಾಗಿಸಿ, ದೀಪದ ಕುಡಿ ಅಲುಗಬೇಕು, ಆರಬಾರದು ಎಂಬಷ್ಟು ಮೆಲ್ಲಗೆ, ಎಳೆದದ್ದರ ಎರಡರಷ್ಟು ಹೊತ್ತು ಹೊರಬಿಡಿ. ಆಗ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ, ಒಳಗೆ ಸಿಲುಕಿದ ಗಾಳಿ ಹೊರಬರುತ್ತದೆ. ದಮ್ಮಿಗೆ ಹೆದರಿ ನಿತ್ಯದ ನಡಿಗೆಯನ್ನು ಬಿಡಬೇಡಿ. ಪೂಜೆಯ ಧೂಪವೂ ರೋಗಿಯ ಕೋಣೆಯಿಂದ ದೂರವಿರಲಿ. ಭಕ್ತಿಗೆ ಹೊಗೆಯೇ ಬೇಕೆಂದಿಲ್ಲ.

ಕಫ ಹೆಚ್ಚಿ ಹಸಿರಿಗೆ ತಿರುಗಿದರೆ ಅಂದೇ ವೈದ್ಯರನ್ನು ಕಾಣಿರಿ. ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಮಾತನಾಡಲೂ ಉಸಿರು ಸಾಲದಾದರೆ 108ಕ್ಕೆ ಕರೆಮಾಡಿರಿ.