ಕಾರ್ಡು ಕಪಾಟಿನಲ್ಲಿದ್ದರೆ ಸಾಲದು

ವಿಮೆಯ ಮಾತೆತ್ತಿದರೆ ಆಕಳಿಸುತ್ತೀಯ. ಸರ್ಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯುತ್ತೀಯ. ‘ಜನ ಜಾಸ್ತಿ ಆದರು, ಯಾರ ಕೈಲಿ ಏನಾಗುತ್ತೆ ಬಿಡಿ’ ಎಂದು ಮೊಬೈಲು ಹಿಡಿಯುತ್ತೀಯ. ಬುದ್ಧಿ ನಿನಗೆ ಬೇಕಾದಷ್ಟಿದೆ ಮಗು, ತಾಳ್ಮೆಯೇ ಸಾಲದು. ಸ್ವಲ್ಪ ಕೂತು ಕೇಳು.

ಜನ ಹೆಚ್ಚಿದ್ದು ನಿಜ. 1951ರಲ್ಲಿ ಈಗಿನ ಕರ್ನಾಟಕದ ಸೀಮೆಯಲ್ಲಿ ಇದ್ದವರು ಎರಡು ಕೋಟಿಗೂ ಕಡಿಮೆ. 2011ರ ಗಣತಿಗೆ 6.11 ಕೋಟಿ. ಆದರೆ ನೀನು ಹೇಳುತ್ತಿರುವುದು ಹಳೇ ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. ಇನ್ನು ಮುಂದೆ ಏರುವುದು ತೊಟ್ಟಿಲುಗಳ ಲೆಕ್ಕವಲ್ಲ, ನನ್ನ ವಯಸ್ಸಿನವರ ಲೆಕ್ಕ.

ನಾನು ಬೆಳೆದ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಒಬ್ಬ ಡಾಕ್ಟರ ಬಳಿ ಓಡುತ್ತಿದ್ದ, ಒಬ್ಬಳು ಗಂಜಿ ಕಾಯಿಸುತ್ತಿದ್ದಳು, ಇನ್ನೊಬ್ಬ ಸಾಲ ಹುಟ್ಟಿಸಿಕೊಂಡು ಬರುತ್ತಿದ್ದ. ಮಕ್ಕಳು ಕಡಿಮೆಯಾದ ಈಗಿನ ಮನೆಗಳಲ್ಲಿ ಆ ಓಟ, ಆ ಗಂಜಿ, ಆ ಸಾಲ ಎಲ್ಲವೂ ನಿನ್ನಂಥ ಒಬ್ಬಿಬ್ಬರ ತಲೆಯ ಮೇಲೆ. ಮದುವೆಯಾದರೆ ಅತ್ತೆ ಮಾವನೂ ಸೇರಿ ನಾಲ್ಕು ಜನ ಹಿರಿಯರು. ಅದಕ್ಕೇ ಹೇಳುತ್ತೇನೆ, ಮನೆಯವರು ಓಡಾಡಿಕೊಂಡಿರುವಾಗಲೇ ಕಾಗದಪತ್ರ ಸರಿಮಾಡಿಟ್ಟುಕೋ.

ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಗೊತ್ತುಮಾಡಿದ ದರದ ಶೇ. 30ರಷ್ಟು, ಹೆಚ್ಚೆಂದರೆ 1.5 ಲಕ್ಷ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತು ಕೂಗಾಡಬೇಡ. ಅಪ್ಪ ಊರಿನ ಸಹಕಾರ ಸಂಘದ ಸದಸ್ಯರೇ? ಹಾಗಿದ್ದರೆ ಯಶಸ್ವಿನಿ ವಿಚಾರಿಸು. 2003ರಲ್ಲಿ ರೈತರು ವರ್ಷಕ್ಕೆ 60 ರೂಪಾಯಿ ಕಟ್ಟಿ ಶುರುವಾದ ಯೋಜನೆ. ನಡುವೆ ನಿಂತಿತ್ತು, 2022ರಲ್ಲಿ ಮತ್ತೆ ಬಂತು. ನೋಂದಣಿಗೆ ಕೊನೇ ದಿನ ಅಂತ ಇರುತ್ತದೆ, ‘ನಾಳೆ ನೋಡೋಣ’ ಅನ್ನುವ ನಿನ್ನ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಆಫೀಸಿನ ವಿಮೆ ಇದೆಯಲ್ಲ ಅನ್ನಬೇಡ. ಕೆಲಸ ಬಿಟ್ಟರೆ ಅದೂ ಬಿಟ್ಟುಹೋಗುತ್ತದೆ. ನಿನ್ನದೇ ಒಂದು ಪಾಲಿಸಿ ಈಗಲೇ ಮಾಡಿಸು. ಮಾಡಿಸುವಾಗ ಸುಳ್ಳು ಬರೆಯಬೇಡ. ನಮ್ಮ ಬೀದಿಯ ಹುಡುಗನೊಬ್ಬ ತಾಯಿಗೆ ಪಾಲಿಸಿ ಮಾಡಿಸಿದ. ‘ಶುಗರ್ ಇದೆಯೇ’ ಎಂಬಲ್ಲಿ ಏಜೆಂಟನ ಮಾತು ಕೇಳಿ ‘ಇಲ್ಲ’ ಅಂತ ಬರೆದ. ಕಾಲಿನ ಗಾಯ ಮಾಯದೆ ಆಕೆ ಆಸ್ಪತ್ರೆ ಸೇರಿದಾಗ ಡಾಕ್ಟರು ‘ಶುಗರ್ ಎಷ್ಟು ವರ್ಷದಿಂದ ಅಮ್ಮಾ?’ ಎಂದರು. ಆಯಮ್ಮನಿಗೆ ಸುಳ್ಳು ಗೊತ್ತಿಲ್ಲ. ‘ಹತ್ತು ವರ್ಷ ಆಯ್ತು ಸ್ವಾಮಿ’ ಅಂದಳು. ಅದು ಕೇಸ್ ಶೀಟಿಗೆ ಹೋಯಿತು, ಕ್ಲೇಮು ಅಲ್ಲಿಗೆ ಮುಗಿಯಿತು. ಬಳೆ ಮಾರಿದ ನೋಟುಗಳನ್ನು ಬಿಲ್ ಕೌಂಟರಿನಲ್ಲಿ ಹುಡುಗ ಎರಡೆರಡು ಸಲ ಎಣಿಸುತ್ತಿದ್ದ. ನಿಜ ಬರೆದಿದ್ದರೆ ಕಂತು ತುಸು ಏರುತ್ತಿತ್ತು, ಕೆಲವು ವರ್ಷ ಕಾಯಬೇಕಿತ್ತು, ಅಷ್ಟೆ. ಮೊದಲೇ ಇದ್ದ ಕಾಯಿಲೆಗೆ ಆ ಕಾಯುವ ಅವಧಿ ಮೂರು ವರ್ಷ ಮೀರಬಾರದೆಂದು 2024ರಲ್ಲಿ ನಿಯಮವೇ ಬಂದಿದೆ. ಚಿಕ್ಕ ವಯಸ್ಸಿನಲ್ಲಿ ಶುರುಮಾಡಿದವರಿಗೆ ಆ ಮೂರು ವರ್ಷ ಕಳೆದದ್ದೇ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ವಿಮೆ ಬರುವುದು ಹೆಚ್ಚಾಗಿ ಮಂಚ ಹಿಡಿದ ಮೇಲೆ. ಆಗಲೇ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಸುಸ್ತು ಸುಸ್ತು ಅಂತಲೇ ಮನೆ ತುಂಬಾ ಓಡಾಡುವ ನಿನ್ನ ಅಕ್ಕನ ರಕ್ತ ಪರೀಕ್ಷೆ ಮಾಡಿಸಲು ಯಾವ ಪಾಲಿಸಿಯೂ ಎದ್ದು ಬರುವುದಿಲ್ಲ. ಊರಿನ ಆಶಾ ಕಾರ್ಯಕರ್ತೆ ಬರುತ್ತಾಳೆ, ಕಬ್ಬಿಣಾಂಶದ ಮಾತ್ರೆ ಕೊಡುತ್ತಾಳೆ, ನುಂಗಿದೆಯಾ ಅಂತ ಮತ್ತೆ ಬಂದು ಕೇಳುತ್ತಾಳೆ. ಅವಳು ಬಂದಾಗ ಒಳಗೆ ಕರೆದು ಕೂರಿಸು, ಬಾಗಿಲಲ್ಲೇ ಸಾಗಹಾಕಬೇಡ.

ಭಾನುವಾರ ಊರಿಗೆ ಹೋಗುತ್ತೀಯಲ್ಲ, ರೇಷನ್ ಕಾರ್ಡಿನಲ್ಲೂ ಆಧಾರಿನಲ್ಲೂ ಅಪ್ಪನ ಹೆಸರು ಒಂದೇ ಥರ ಇದೆಯಾ ನೋಡು. ಅವರು ನುಂಗುವ ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿ ಬರೆದು ನಿನ್ನ ಹತ್ತಿರ ಇಟ್ಟುಕೋ. ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಅಂತ ಅಮ್ಮ ರೇಗುತ್ತಾಳೆ. ರೇಗಲಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಪಿ ನೋಡಿಸಿಯೇ ಬಸ್ಸು ಹತ್ತು.